ಕೈಬಿಟ್ಟ ಮೇಲೆ ವಿಮಾನ ಗಾಳಿಯದು

1932ರ ಅಕ್ಟೋಬರ್ 15ರಂದು ಬಳ್ಳಾರಿಯ ಬಯಲಿಗೆ ಪುಟ್ಟ ವಿಮಾನವೊಂದು ಬಂದಿಳಿಯಿತು. ಒಂದೇ ಎಂಜಿನ್ನಿನ ಪಸ್ ಮಾತ್ ಅದು. ನಡೆಸುತ್ತಿದ್ದವರು ನೆವಿಲ್ ವಿನ್ಸೆಂಟ್, ಹೊತ್ತು ತಂದದ್ದು ಟಪಾಲು. ಅಂದು ಬೆಳಿಗ್ಗೆ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಹೊರಟು, ಅಹಮದಾಬಾದಿನಲ್ಲಿ ಪೆಟ್ರೋಲು ತುಂಬಿಸಿಕೊಂಡು, ಮಧ್ಯಾಹ್ನ ಮುಂಬಯಿಯ ಜುಹು ಬಯಲಿಗೆ ಮುಟ್ಟಿಸಿದ್ದ ಟಪಾಲಿನಲ್ಲಿ ಮದರಾಸಿನ ಪಾಲು ಇದು. ಆ ದಾರಿಯಲ್ಲಿ ರಾತ್ರಿ ಹಾರಲು ದೀಪವಿರಲಿಲ್ಲ, ದಿಕ್ಕು ಹೇಳಲು ರೇಡಿಯೊ ಇರಲಿಲ್ಲ. ಹಾಗಾಗಿ ಟಪಾಲು ಬಳ್ಳಾರಿಯಲ್ಲಿ ರಾತ್ರಿ ಕಳೆದು ಮರುದಿನ ಮದರಾಸು ಸೇರಿತು. ಟಾಟಾ ಕಂಪನಿ ಇದಕ್ಕೆ ಹಾಕಿದ ಬಂಡವಾಳ 2 ಲಕ್ಷ ರೂಪಾಯಿ, ಇದ್ದ ವಿಮಾನ ಎರಡು. ಮುಂದೆ ಏರ್ ಇಂಡಿಯಾ ಎಂದು ಬೆಳೆದ ಸಂಸ್ಥೆಯ ಮೊದಲ ದಿನದ ನಕಾಶೆಯಲ್ಲೇ ಬಳ್ಳಾರಿ ಇತ್ತು. ನಮ್ಮ ಜಿಲ್ಲೆಯವರು ಇದನ್ನು ಯಾಕೋ ಅಷ್ಟಾಗಿ ಹೇಳಿಕೊಳ್ಳುವುದಿಲ್ಲ.

ಅದೇ 1932ರಲ್ಲಿ ಅಮೆರಿಕದ ಗೋರ್ಡನ್ ಲೈಟ್ ಎಂಬಾತ ಇನ್ನೊಂದು ಬಗೆಯ ವಿಮಾನ ಹಾರಿಸಿ ವೇಕ್‌ಫೀಲ್ಡ್ ಕಪ್ ಗೆದ್ದ. ಆ ವಿಮಾನದಲ್ಲಿ ಪೈಲಟ್ ಇಲ್ಲ, ಪೆಟ್ರೋಲ್ ಇಲ್ಲ. ಬಾಲ್ಸಾ ಮರದ ಕಡ್ಡಿ, ಮೇಲೆ ತೆಳುವಾದ ಕಾಗದ, ಹೊಟ್ಟೆಯೊಳಗೆ ಹುರಿಗೊಳಿಸಿದ ರಬ್ಬರ್, ಮೂತಿಗೆ ಮರದ ಪ್ರೊಪೆಲ್ಲರ್. ಕೈ ಬಿಟ್ಟ ಮೇಲೆ ಅದನ್ನು ತಿರುಗಿಸಲು ದಾರವಿಲ್ಲ, ರಿಮೋಟ್ ಇಲ್ಲ. ಎಷ್ಟು ಹೊತ್ತು ಮೇಲಿತ್ತು ಎಂಬುದೊಂದೇ ಲೆಕ್ಕ. ಬಳ್ಳಾರಿಗೆ ಬಂದ ವಿಮಾನಕ್ಕೆ ತಲುಪುವುದು ಕೆಲಸ, ಈ ವಿಮಾನಕ್ಕೆ ಇಳಿಯದೆ ಇರುವುದೇ ಕೆಲಸ.

ಫ್ರೀ ಫ್ಲೈಟ್ ಎಂದು ಈ ಆಟದ ಹೆಸರು. ಇದರ ಚರಿತ್ರೆ ಓದುತ್ತ ಹೋದರೆ ಒಂದು ವಿಚಿತ್ರ ಕಾಣುತ್ತದೆ. ಬೇರೆ ಆಟಗಳಲ್ಲಿ ನಿಯಮ ಮಾಡುವವರು ಆಟಗಾರ ಮೋಸ ಮಾಡದ ಹಾಗೆ ಕಾಯುತ್ತಾರೆ. ಇಲ್ಲಿ ಅವರಿಗೆ ಬೇರೆಯದೇ ಪೀಕಲಾಟ. ಆಟಗಾರರು ವಿಮಾನವನ್ನು ಎಷ್ಟು ಚೆನ್ನಾಗಿ ಮಾಡಿದರೆ ಅಷ್ಟು ಬೇಗ ಅದು ಕಣ್ಮರೆಯಾಗುತ್ತದೆ. ಆದ್ದರಿಂದ ಸುಮಾರು ನೂರು ವರ್ಷಗಳಿಂದ ಒಂದು ಕಡೆ ಹಾರಿಸುವವರು ವಿಮಾನವನ್ನು ಉತ್ತಮಗೊಳಿಸುತ್ತಲೇ ಇದ್ದಾರೆ, ಇನ್ನೊಂದು ಕಡೆ ನಿಯಮ ಮಾಡುವವರು ಅದರ ಶಕ್ತಿ ಕಿತ್ತುಕೊಳ್ಳುತ್ತಲೇ ಇದ್ದಾರೆ. ಗೆದ್ದವರು ಇಬ್ಬರೂ ಅಲ್ಲ, ಗಾಳಿ.

ಆಟ ಶುರುವಾದದ್ದು ಆಟಕ್ಕಾಗಿ ಅಲ್ಲ. ಮನುಷ್ಯ ಹಾರಬಲ್ಲನೇ ಎಂದು ಯಾರಿಗೂ ಖಚಿತವಿಲ್ಲದ ಕಾಲದಲ್ಲಿ, 1871ರ ಆಗಸ್ಟ್ 18ರಂದು, ಅಲ್ಫೋನ್ಸ್ ಪೆನೋ ಎಂಬ ಫ್ರೆಂಚ್ ತರುಣ ಪ್ಯಾರಿಸ್ಸಿನ ಟ್ವಿಲರಿ ಉದ್ಯಾನದಲ್ಲಿ ರಬ್ಬರ್ ಹುರಿಯ ಪುಟ್ಟ ಮಾದರಿಯೊಂದನ್ನು ಹಾರಿಸಿದ. 11 ಸೆಕೆಂಡಿನಲ್ಲಿ ಸುಮಾರು 40 ಮೀಟರ್ ಹೋಯಿತು. ದೂರ ದೊಡ್ಡದಲ್ಲ. ದೊಡ್ಡದು ಏನೆಂದರೆ ಅದು ಓಲಾಡದೆ ಹೋಯಿತು. ಹಿಂದೆ ಪುಟ್ಟ ಬಾಲ ಇಟ್ಟು, ಅದನ್ನು ರೆಕ್ಕೆಗಿಂತ ತುಸು ಬೇರೆ ಕೋನದಲ್ಲಿ ಕೂರಿಸಿದರೆ, ಮೂತಿ ಮೇಲೆದ್ದಾಗ ಕೆಳಗೆಳೆದು, ಕೆಳಬಿದ್ದಾಗ ಮೇಲೆತ್ತಿ ವಿಮಾನ ತನ್ನನ್ನು ತಾನೇ ಸರಿಮಾಡಿಕೊಳ್ಳುತ್ತದೆ ಎಂದು ಪೆನೋ ಕಂಡುಕೊಂಡಿದ್ದ. ಇಂದಿಗೂ ಪ್ರಯಾಣಿಕರ ವಿಮಾನದ ಬಾಲದಲ್ಲಿ ಇದೇ ಲೆಕ್ಕವಿದೆ. ಆ ಮನುಷ್ಯನಿಗೆ ಬಾಳು ಕೂಡಿಬರಲಿಲ್ಲ. ದೊಡ್ಡ ವಿಮಾನ ಕಟ್ಟಲು ಹಣ ಕೊಡುವವರಿಲ್ಲದೆ, ಮನನೊಂದು, 30ರ ಹರೆಯದಲ್ಲೇ 1880ರಲ್ಲಿ ಪ್ರಾಣ ಕಳೆದುಕೊಂಡ. ಆದರೆ ಅವನು ಕಂಡುಹಿಡಿದ ರಬ್ಬರ್ ಹೆಲಿಕಾಪ್ಟರ್ ಆಟಿಕೆಯೊಂದನ್ನು 1878ರಲ್ಲಿ ಅಮೆರಿಕದ ಪಾದ್ರಿಯೊಬ್ಬರು ತಮ್ಮ ಇಬ್ಬರು ಚಿಕ್ಕ ಹುಡುಗರಿಗೆ ತಂದುಕೊಟ್ಟಿದ್ದರು. ಹುಡುಗರ ಹೆಸರು ವಿಲ್ಬರ್ ಮತ್ತು ಆರ್ವಿಲ್ ರೈಟ್.

1896ರಲ್ಲಿ ಸ್ಯಾಮ್ಯುಯೆಲ್ ಲ್ಯಾಂಗ್ಲೆ ಪೊಟೊಮ್ಯಾಕ್ ನದಿಯ ಮೇಲೆ ಹಬೆ ಎಂಜಿನ್ನಿನ ಮಾದರಿ ಹಾರಿಸಿದಾಗ ಅದು ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಹೋಯಿತು. ಅದೇ ಲ್ಯಾಂಗ್ಲೆ ಅದನ್ನೇ ದೊಡ್ಡದು ಮಾಡಿ ಮನುಷ್ಯನನ್ನು ಕೂರಿಸಿದಾಗ ನದಿಗೆ ಬಿತ್ತು. ಮಾದರಿ ಹಾರಿದ ಮಾತ್ರಕ್ಕೆ ದೊಡ್ಡದು ಹಾರಬೇಕೆಂದಿಲ್ಲ. ಆದರೆ ಮಾದರಿಯೂ ಹಾರದಿದ್ದರೆ ಮುಂದಿನ ಮಾತೇ ಇಲ್ಲ.

ಇಲ್ಲಿ ನಮ್ಮ ನಾಡಿನದೊಂದು ಪ್ರಸಂಗ ಹೇಳಿಬಿಡಬೇಕು. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಕಳೆದ ಶತಮಾನದ ಆರಂಭದ ದಶಕಗಳಲ್ಲಿ ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ದ ಬಗ್ಗೆ ಕೇಳದವರು ಕಡಿಮೆ. ಅದರಲ್ಲಿ ರುಕ್ಮ ವಿಮಾನ, ಶಕುನ ವಿಮಾನ ಎಂದೆಲ್ಲ ಚಿತ್ರಗಳಿವೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು, ಎಚ್.ಎಸ್. ಮುಕುಂದ ಮತ್ತು ಜೊತೆಯವರು, ಪಠ್ಯವನ್ನೂ ಚಿತ್ರಗಳನ್ನೂ ಕೂಲಂಕಷವಾಗಿ ನೋಡಿ ಅವು ಹಾರುವಂಥವಲ್ಲ, ಗ್ರಂಥವೂ ಪ್ರಾಚೀನವಲ್ಲ ಎಂದು ಬರೆದರು. ಇದರ ಮೇಲೆ ಇಂದಿಗೂ ಜಗಳವಾಡುವವರಿದ್ದಾರೆ. ಜಗಳಕ್ಕೆ ಬಾಲ್ಸಾ ಕಡ್ಡಿಯಷ್ಟು ಒಳ್ಳೆಯ ಪಂಚ ಇಲ್ಲ. ಒಂದು ಮೊಳದ ಮಾದರಿ ಮಾಡಿ, ಮೊಣಕಾಲೆತ್ತರದ ಹುಲ್ಲಿನ ಮೇಲೆ ಮೆಲ್ಲಗೆ ಬಿಟ್ಟು ನೋಡಿದರೆ ಉತ್ತರ ಎರಡು ಸೆಕೆಂಡಿನಲ್ಲಿ ಸಿಗುತ್ತದೆ.

ಇನ್ನು ಕಪ್ಪಿನ ಕಥೆ. ಚಾರ್ಲ್ಸ್ ವೇಕ್‌ಫೀಲ್ಡ್ ಲಂಡನ್ನಿನ ಎಣ್ಣೆ ವ್ಯಾಪಾರಿ. 1899ರಲ್ಲಿ ಕಂಪನಿ ಕಟ್ಟಿ, ಎಂಜಿನ್ ಎಣ್ಣೆಗೆ ಔಡಲೆಣ್ಣೆ ಬೆರೆಸಿ ಕ್ಯಾಸ್ಟ್ರಾಲ್ ಎಂಬ ಹೆಸರಿನಲ್ಲಿ ಮಾರಿದವರು. ಬಳ್ಳಾರಿ ಸೀಮೆಯ ರೈತ ಹೊಲದ ಅಂಚಿಗೆ ಹಾಕುವ ಅದೇ ಔಡಲ. ಲಂಡನ್ನಿನ ಲಾರ್ಡ್ ಮೇಯರ್ ಆದರು, ಲಾರ್ಡ್ ಆದರು, ವಿಮಾನದ ಹುಚ್ಚಿದ್ದವರಿಗೆಲ್ಲ ಹಣ ಕೊಟ್ಟರು. 1930ರಲ್ಲಿ ಏಮಿ ಜಾನ್ಸನ್ ಎಂಬ ಹೆಣ್ಣುಮಗಳು ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಒಬ್ಬಳೇ ಹಾರಿದಾಗ ಅವಳ ವಿಮಾನದ ಖರ್ಚಿನಲ್ಲಿ ಇವರ ಪಾಲಿತ್ತು. ಮಾದರಿ ವಿಮಾನದವರಿಗೆ ಅವರು ಕೊಟ್ಟದ್ದು ಬೆಳ್ಳಿಯ ಕಪ್. ಅಂತರರಾಷ್ಟ್ರೀಯ ಸ್ಪರ್ಧೆ 1928ರಲ್ಲಿ ಶುರುವಾಯಿತು. ಮೊದಲ ಎರಡು ವರ್ಷ ಕಪ್ ಇಂಗ್ಲೆಂಡಿನಲ್ಲೇ ಉಳಿಯಿತು. 1930ರಲ್ಲಿ ಅಮೆರಿಕದ ಜೋಸೆಫ್ ಎರ್ಹಾರ್ಟ್ ಅದನ್ನು ಸಮುದ್ರ ದಾಟಿಸಿದ, ಮರುವರ್ಷವೂ ಗೆದ್ದ. ಆಮೇಲೆ ಗೋರ್ಡನ್ ಲೈಟ್. ಅಲ್ಲಿಂದ ಕಪ್ ಅಟ್ಲಾಂಟಿಕ್ಕಿನ ಆಚೆ ಈಚೆ ಓಡಾಡಿತು. 1937ರಲ್ಲಿ ಫ್ರಾನ್ಸಿನ ಫಿಯೋಂ ಗೆದ್ದಾಗ ಪೆನೋನ ನಾಡಿಗೂ ಒಮ್ಮೆ ಹೋಗಿ ಬಂತು.

ಅಮೆರಿಕದವರಿಗೆ ಅನುಕೂಲವಾದದ್ದು ಬಾಲ್ಸಾ. ಇಕ್ವೆಡಾರಿನ ಕಾಡಿನಲ್ಲಿ ಬೆಳೆಯುವ ಈ ಮರ ಐದಾರು ವರ್ಷಕ್ಕೇ ಕಡಿಯಲು ಬರುತ್ತದೆ. ಒಣಗಿದ ಮೇಲೆ ಒಂದು ಘನ ಮೀಟರಿಗೆ ಸುಮಾರು 160 ಕಿಲೋ ತೂಗುತ್ತದೆ, ಅಂದರೆ ನೀರಿನ ಆರನೆಯ ಒಂದು ಪಾಲು. ಮದುವೆಯ ಬಾಸಿಂಗ ಮಾಡುವ ಬೆಂಡಿನ ಹಾಗೆ ಹಗುರ, ಆದರೆ ನಾರಿನುದ್ದಕ್ಕೆ ಎಳೆದರೆ ಗಟ್ಟಿ. ಬ್ಲೇಡಿನಿಂದ ಕೊಯ್ಯಬಹುದು, ಗುಂಡುಸೂಜಿ ಚುಚ್ಚಿ ಹಲಗೆಯ ಮೇಲೆ ನಿಲ್ಲಿಸಬಹುದು. ಇಂಗ್ಲೆಂಡಿನ ಹಳಬರು ಬಿದಿರು, ಬರ್ಚ್ ಮರ ಎಂದು ಹಟ ಹಿಡಿದು ಕೂತಿದ್ದಾಗ ಅಮೆರಿಕದ ಹೈಸ್ಕೂಲು ಹುಡುಗರು ಬಾಲ್ಸಾದಲ್ಲಿ ಅರ್ಧ ತೂಕಕ್ಕೆ ವಿಮಾನ ಕಟ್ಟಿದರು. ಉಳಿದ ತೂಕಕ್ಕೆ ರಬ್ಬರ್ ತುಂಬಿದರು.

ಈ ಕೆಲಸವನ್ನು ತುಸು ಹತ್ತಿರದಿಂದ ನೋಡಬೇಕು. ನಕ್ಷೆಯನ್ನು ಹಲಗೆಯ ಮೇಲೆ ಹಾಸಿ, ಅದರ ಗೆರೆಗಳ ಮೇಲೆಯೇ ಕಡ್ಡಿ ಜೋಡಿಸಿ ಅಂಟು ಹಾಕುತ್ತಾರೆ. ಒಂದು ಬದಿ ಒಣಗಿದ ಮೇಲೆ ಅದರ ಮೇಲೆಯೇ ಇನ್ನೊಂದು ಬದಿ, ಎರಡೂ ಒಂದೇ ಅಳತೆ ಬರಲಿ ಎಂದು. ರೆಕ್ಕೆಯ ಪಕ್ಕೆಲುಬುಗಳು ಕಾಗದದಷ್ಟೇ ತೆಳುವಾದ ಬಾಲ್ಸಾ. ಮೇಲೆ ಟಿಶ್ಯೂ ಕಾಗದ ಹೊದಿಸಿ ನೀರು ಚಿಮುಕಿಸಿದರೆ ಒಣಗುತ್ತ ಒಣಗುತ್ತ ಬಿಗಿದು ತಮಟೆಯಾಗುತ್ತದೆ. ಅದರ ಮೇಲೆ ಡೋಪ್ ಎಂಬ ಅರಗಿನಂಥ ದ್ರಾವಣ ಬಳಿಯುತ್ತಾರೆ. ಇಷ್ಟಾದ ಮೇಲೆ ರೆಕ್ಕೆ ತುಸುವೂ ಸೊಟ್ಟಗಾಗಿರಬಾರದು. ಅಥವಾ ಬೇಕೆಂದೇ, ಬೇಕಾದ ಕಡೆ, ಬೇಕಾದಷ್ಟೇ ಸೊಟ್ಟಗಾಗಿರಬೇಕು. ಯಾಕೆಂದರೆ ರಬ್ಬರಿನ ಜೋರು ಇರುವಾಗ ವಿಮಾನ ಒಂದು ಕಡೆಗೆ ಸುತ್ತುತ್ತ ಏರಬೇಕು, ಜೋರು ಮುಗಿದ ಮೇಲೆ ಸುತ್ತುತ್ತಲೇ ತೇಲಬೇಕು. ನೆಟ್ಟಗೆ ಹೋಯಿತೋ, ಕೈಗೆ ಸಿಕ್ಕುವುದಿಲ್ಲ.

ರಬ್ಬರ್ ಸುತ್ತುವುದು ಇನ್ನೊಂದು ವಿದ್ಯೆ. ತೆಳುವಾದ ರಬ್ಬರ್ ಪಟ್ಟಿಯನ್ನು ಹಲವು ಎಳೆ ಮಾಡಿ, ಔಡಲೆಣ್ಣೆಯನ್ನೋ ಮೆತ್ತನೆಯ ಸೋಪು ಗ್ಲಿಸರಿನ್ ಮಿಶ್ರಣವನ್ನೋ ಸವರಿ, ಒಬ್ಬ ವಿಮಾನ ಹಿಡಿದರೆ ಇನ್ನೊಬ್ಬ ಕೈಡ್ರಿಲ್ಲಿನಂಥ ಸಾಧನಕ್ಕೆ ಸಿಕ್ಕಿಸಿಕೊಂಡು ಹಿಂದೆ ಹಿಂದೆ ಸರಿಯುತ್ತಾನೆ. ಸಹಜ ಉದ್ದದ ನಾಲ್ಕೈದು ಪಟ್ಟು ಎಳೆದ ಮೇಲೆ ಸುತ್ತಲು ಶುರು. ಸುತ್ತುತ್ತ ಸುತ್ತುತ್ತ ಮುಂದೆ ಬರಬೇಕು. ನೂರಾರು ಸುತ್ತಿನ ಮೇಲೆ ಹುರಿ ಗಂಟುಗಂಟಾಗಿ ಕಲ್ಲಿನಂತಾಗುತ್ತದೆ. ಇನ್ನು ಹತ್ತು ಸುತ್ತು ಹಾಕಲೇ ಎಂಬುದೇ ಪ್ರಶ್ನೆ. ಆ ಹತ್ತರಲ್ಲಿ ಕಪ್ ಇರಬಹುದು, ಅಥವಾ ರಬ್ಬರ್ ಹರಿದು ತಿಂಗಳ ಕೆಲಸ ಕೈಯಲ್ಲೇ ಚಿಂದಿಯಾಗಬಹುದು. ಹಾಗಾಗದಿರಲೆಂದು ಈಗ ಸುತ್ತುವಾಗ ರಬ್ಬರನ್ನು ಕೊಳವೆಯೊಳಗೆ ಇಟ್ಟುಕೊಳ್ಳುತ್ತಾರೆ.

ಇಷ್ಟೆಲ್ಲ ಮಾಡಿದರೂ ಪ್ರೊಪೆಲ್ಲರ್ ತಿರುಗುವುದು ನಿಮಿಷದ ಆಸುಪಾಸು. ಆಮೇಲೆ ತೇಲುವುದೇ ಗತಿ. ಹಾಗಿದ್ದರೆ 1939ರಲ್ಲಿ, ಎರಡನೆಯ ಮಹಾಯುದ್ಧ ಹೊತ್ತಿಕೊಂಡ ವರ್ಷ, ನ್ಯೂಜೆರ್ಸಿಯ ಬೆಂಡಿಕ್ಸ್ ವಿಮಾನ ನಿಲ್ದಾಣದಲ್ಲಿ ನಡೆದ ವೇಕ್‌ಫೀಲ್ಡ್ ಸ್ಪರ್ಧೆಯಲ್ಲಿ ಡಿಕ್ ಕೊರ್ಡಾ ಎಂಬಾತ ಬಿಟ್ಟ ರಬ್ಬರ್ ವಿಮಾನ 43 ನಿಮಿಷ 29 ಸೆಕೆಂಡು ಮೇಲಿದ್ದದ್ದು ಹೇಗೆ?

ಇದರ ಉತ್ತರ ನಮ್ಮ ಜಿಲ್ಲೆಯ ಸಿರಿಗೇರಿಯ ದನ ಕಾಯುವ ಹುಡುಗನಿಗೂ ಗೊತ್ತು, ಅವನು ಅದನ್ನು ಹಾಗೆಂದು ಹೇಳುವುದಿಲ್ಲ ಅಷ್ಟೆ. ಬೇಸಿಗೆಯ ಹನ್ನೊಂದು ಗಂಟೆಗೆ ಖಾಲಿ ಎರೆಹೊಲದಲ್ಲಿ ನಿಂತು ನೋಡಿ. ಕಪ್ಪು ಮಣ್ಣು ಬಿಸಿಲು ಕುಡಿದು ಕಾಯುತ್ತದೆ, ಮೇಲಿನ ಗಾಳಿಯೂ ಕಾದು ಹಗುರಾಗಿ ಏರತೊಡಗುತ್ತದೆ. ಎಲ್ಲ ಕಡೆಯೂ ಒಟ್ಟಿಗೆ ಏರುವುದಿಲ್ಲ. ಇಲ್ಲೊಂದು ಕಡೆ, ಅಲ್ಲೊಂದು ಕಡೆ ಕಂಬ ಕಟ್ಟಿಕೊಂಡು ಏರುತ್ತದೆ. ಹೊಟ್ಟು, ಒಣ ಎಲೆ ಎತ್ತಿಕೊಂಡು ಸುಳಿಗಾಳಿ ಓಡಿದರೆ ಕಂಬದ ಬುಡ ಕಂಡಂತೆ. ರೆಕ್ಕೆ ಬಡಿಯದೆ ಹದ್ದು ಸುತ್ತುತ್ತ ಮೇಲೇರುತ್ತಿದ್ದರೆ ಕಂಬದ ನಡು ಕಂಡಂತೆ. ಕೊರ್ಡಾನ ವಿಮಾನ ಹೊಕ್ಕದ್ದು ಇಂಥದೇ ಏರುಗಾಳಿಯ ಕಂಬವನ್ನು. ವಿಮಾನ ಗಾಳಿಯೊಳಗೆ ಇಳಿಯುತ್ತಲೇ ಇರುತ್ತದೆ, ಆದರೆ ಗಾಳಿ ಅದಕ್ಕಿಂತ ಬೇಗ ಏರುತ್ತಿರುತ್ತದೆ. ಆಗಿನ ನಿಯಮದಲ್ಲಿ ಮೂರು ಹಾರಾಟದ ಸರಾಸರಿ ತೆಗೆಯುತ್ತಿದ್ದರು, ಒಂದು ಹಾರಾಟಕ್ಕೆ ಇಷ್ಟೇ ಎಂಬ ಮಿತಿಯಿರಲಿಲ್ಲ. ಮುಕ್ಕಾಲು ಗಂಟೆಯ ಹತ್ತಿರದ ಒಂದೇ ಹಾರಾಟ ಎಲ್ಲರನ್ನೂ ಮುಗಿಸಿತು.

ಇದು ಅದೃಷ್ಟವೇ, ವಿದ್ಯೆಯೇ? ಆಗಲೂ ಜಗಳವಾಯಿತು, ಈಗಲೂ ಆಗುತ್ತದೆ. ನನ್ನ ಮಟ್ಟಿಗೆ, ಏರುಗಾಳಿ ಸಿಗುವುದು ಅದೃಷ್ಟವೆನ್ನಬಹುದು, ಅದರೊಳಗೆ ಹೊರಳಿ ನಿಲ್ಲುವ ವಿಮಾನ ಕಟ್ಟುವುದು ಅದೃಷ್ಟವಲ್ಲ. ಒಂದು ರೆಕ್ಕೆ ಏರುಗಾಳಿಗೆ ತಾಗಿದಾಗ ಕೆಟ್ಟ ವಿಮಾನ ಆಚೆ ವಾಲಿ ಹೊರಗೆ ಹೋಗುತ್ತದೆ. ಒಳ್ಳೆಯದು ಒಳಗೇ ತಿರುಗುತ್ತದೆ.

ಯುದ್ಧ ಬಂದು ಆಟ ನಿಂತಿತು. ನಿಲ್ಲದೆ ವಿಧಿಯಿರಲಿಲ್ಲ. 1942ರಲ್ಲಿ ಮಲಯ ಜಪಾನಿನ ಕೈಗೆ ಹೋದಾಗ ರಬ್ಬರ್ ಹೋಯಿತು. ಬಾಲ್ಸಾ ಬ್ರಿಟನ್ನಿನ ಮಾಸ್ಕಿಟೊ ಯುದ್ಧವಿಮಾನಕ್ಕೆ ಹೋಯಿತು, ಅದರ ಮೈಯನ್ನು ಎರಡು ಪ್ಲೈವುಡ್ಡಿನ ನಡುವೆ ಬಾಲ್ಸಾ ಇಟ್ಟೇ ಕಟ್ಟುತ್ತಿದ್ದರು. ಆ ಹೊತ್ತಿಗೆ ಬೆಂಗಳೂರಿನಲ್ಲಿ ನಮ್ಮ ಕಥೆ ಶುರುವಾಗಿತ್ತು. ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ತೆರೆದರು. ಅಲ್ಲಿ ವಿಷ್ಣು ಮಾಧವ ಘಾಟಗೆ ಅವರು ಮೊದಲು ವಿನ್ಯಾಸ ಮಾಡಿದ್ದು ಎಂಜಿನ್ನಿಲ್ಲದ ವಿಮಾನವನ್ನು, ಹತ್ತು ಸೈನಿಕರು ಕೂರುವ ಜಿ-1 ಗ್ಲೈಡರನ್ನು. ಒಂದೇ ಒಂದು ಕಟ್ಟಿದರು. 1942ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಶುರುವಾದಾಗ ಅದರ ಮುಖ್ಯಸ್ಥರೂ ಘಾಟಗೆಯವರೇ. ಅವರದೇ ವಿನ್ಯಾಸದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಹಾರಿತು.

ಎಂಜಿನ್ನಿಲ್ಲದೆ ಮೊದಲು ಬಿಟ್ಟು ನೋಡು ಎಂಬ ಹಳೆಯ ಬುದ್ಧಿ ಅಲ್ಲಿಗೆ ಮುಗಿಯಲಿಲ್ಲ. ಜರ್ಮನಿಯ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು ಮಾರುತ್ ಜೆಟ್ ಯುದ್ಧವಿಮಾನದ ಕೆಲಸ ಹಿಡಿದಾಗ ಮೊದಲು ಕಟ್ಟಿಸಿದ್ದು ಅದೇ ಅಳತೆಯ ಮರದ ಗ್ಲೈಡರನ್ನು. ಹೆಸರು ಎಕ್ಸ್-241. ಡಕೋಟಾ ವಿಮಾನ ಅದನ್ನು ಹಗ್ಗ ಕಟ್ಟಿ ಮೇಲಕ್ಕೆಳೆದುಕೊಂಡು ಹೋಗಿ ಬಿಡುತ್ತಿತ್ತು. 1959ರಿಂದ ಶುರುವಾಗಿ 78 ಸಲ ಹಾರಿಸಿ ಅದರ ಗುಣ ಅವಗುಣ ನೋಡಿಕೊಂಡರು. ಆಮೇಲೆ 1961ರ ಜೂನ್ 17ರಂದು ಸುರಂಜನ್ ದಾಸ್ ಬೆಂಗಳೂರಿನ ಆಕಾಶಕ್ಕೆ ನಿಜವಾದ ಮಾರುತ್ ಏರಿಸಿದರು.

ಯುದ್ಧ ಮುಗಿದು ವೇಕ್‌ಫೀಲ್ಡ್ ಸ್ಪರ್ಧೆ ಮತ್ತೆ ಶುರುವಾದಾಗ ಉತ್ತರ ದೇಶಗಳವರು ಎದ್ದು ಬಂದರು. ಫಿನ್ಲೆಂಡಿನ ಆರ್ನೆ ಎಲ್ಲಿಲಾ 1949ರಲ್ಲಿ ಇಂಗ್ಲೆಂಡಿಗೆ ಹೋಗಿ ಗೆದ್ದ, 1950ರಲ್ಲಿ ತನ್ನ ನಾಡಿನಲ್ಲೇ ಮತ್ತೆ ಗೆದ್ದ. ಮುಂದಿನ ಎರಡು ವರ್ಷ ಸ್ವೀಡನ್ನಿನವರು. ಇವರ ವಿಮಾನಗಳಲ್ಲಿ ಅರ್ಧ ತೂಕ ರಬ್ಬರೇ. ಏರುಗಾಳಿಯ ಹಂಗಿಲ್ಲದೆ, ಮುಂಜಾವಿನ ಸತ್ತ ಗಾಳಿಯಲ್ಲೂ ನಾಲ್ಕೈದು ನಿಮಿಷ ಮೇಲಿರುತ್ತಿದ್ದವು. ನಡುಹಗಲಿನಲ್ಲಿ ಬಿಟ್ಟರೆ ದೇವರೇ ಗತಿ. ಸ್ಪರ್ಧಿ ವಿಮಾನದ ಹಿಂದೆ ಓಡುತ್ತಾನೆ, ಬೇಲಿ ಹಾರುತ್ತಾನೆ, ಗದ್ದೆ ತುಳಿಯುತ್ತಾನೆ, ಕಡೆಗೆ ಯಾರದೋ ಊರಿನಲ್ಲಿ ನಿಂತು ಆಕಾಶ ನೋಡುತ್ತಾನೆ. ಎರಡನೆಯ ಸುತ್ತಿಗೆ ವಿಮಾನ ಬೇಕಲ್ಲ!

ಆಗ ನಿಯಮದ ಕತ್ತರಿ ಹೊರಬಂತು. ಒಂದು ಹಾರಾಟಕ್ಕೆ ಮೊದಲು 5 ನಿಮಿಷ, ಆಮೇಲೆ 3 ನಿಮಿಷ ಮಾತ್ರ ಲೆಕ್ಕ ಎಂದರು. 1954ರಲ್ಲಿ ರಬ್ಬರ್ 80 ಗ್ರಾಮಿಗಿಂತ ಹೆಚ್ಚಿರಬಾರದು ಎಂದರು. ಅಷ್ಟರಲ್ಲೂ ವಿಮಾನಗಳು ಇಳಿಯಲಿಲ್ಲ. ಬೇಗನೇ 50 ಗ್ರಾಂ ಮಾಡಿದರು. ಆಮೇಲೆ 40. ಈಗ 30. ಹಾರಿಸುವವರು ಒಂದೊಂದು ಕಡಿತಕ್ಕೂ ಗೊಣಗಿದರು, ಎರಡು ಮೂರು ವರ್ಷದಲ್ಲಿ ಅಷ್ಟೇ ರಬ್ಬರಿನಲ್ಲಿ ಮೊದಲಿನಷ್ಟೇ ಹೊತ್ತು ಹಾರಿಸಿದರು. ಬಾಲ್ಸಾದ ಜಾಗಕ್ಕೆ ಕಾರ್ಬನ್ ಫೈಬರ್ ಬಂತು, ರಬ್ಬರ್ ಮುಗಿದೊಡನೆ ಮೈಗೆ ಮಡಿಚಿಕೊಳ್ಳುವ ಪ್ರೊಪೆಲ್ಲರ್ ಬಂತು. ಇಂದಿನ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಈ ವರ್ಗಕ್ಕೆ ಎಫ್1ಬಿ ಎಂದು ಹೆಸರು. ರಬ್ಬರ್ ಬಿಟ್ಟು ವಿಮಾನ 200 ಗ್ರಾಮಿಗೆ ಕಡಿಮೆಯಿರಬಾರದು. ಹಲವು ಸುತ್ತು. ಎಲ್ಲದರಲ್ಲೂ ಪೂರ್ತಿ ಸಮಯ ಹಾರಿದವರೇ ಹಲವರು ಉಳಿಯುತ್ತಾರೆ, ಅವರಿಗೆ ಇನ್ನೂ ಉದ್ದದ ಸುತ್ತು ಇಟ್ಟು ಒಬ್ಬನನ್ನು ಆರಿಸುತ್ತಾರೆ.

ಸಮಯ ಮುಗಿದ ಮೇಲೆ ವಿಮಾನವನ್ನು ಇಳಿಸುವುದು ಹೇಗೆ? ಇದಕ್ಕೆ ಸಿಕ್ಕ ಉಪಾಯ ಈ ಆಟದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಬಾಲವನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಅದರ ಬಳಿ ಸಣ್ಣದೊಂದು ಹತ್ತಿಯ ಬತ್ತಿ ಸಿಕ್ಕಿಸುತ್ತಾರೆ. ಹಾರಿಸುವ ಮುಂಚೆ ಬತ್ತಿಗೆ ಬೆಂಕಿ. ಅದು ಹೊಗೆಯಾಡುತ್ತ ಉರಿದು ಬಂದು ನಿಗದಿತ ಹೊತ್ತಿಗೆ ರಬ್ಬರ್ ಬ್ಯಾಂಡನ್ನು ಸುಡುತ್ತದೆ. ಬಾಲ ತಟ್ಟನೆ ಮೇಲಕ್ಕೆ ನೆಗೆದು ಓರೆಯಾಗಿ ನಿಲ್ಲುತ್ತದೆ. ಅಷ್ಟು ಹೊತ್ತು ತೇಲುತ್ತಿದ್ದ ವಿಮಾನ ಅಲ್ಲೇ ಕುಸಿದು, ಚಪ್ಪಟೆಯಾಗಿ, ಪೆಟ್ಟಾಗದಷ್ಟು ನಿಧಾನಕ್ಕೆ ನೆಲಕ್ಕೆ ಬರುತ್ತದೆ. ಮುಂದೆ ಬತ್ತಿಯ ಬದಲು ಗಡಿಯಾರದ ಯಂತ್ರ ಬಂತು, ಈಗ ಎಲೆಕ್ಟ್ರಾನಿಕ್ ಟೈಮರ್. ಕೆಲವರು ಕಳೆದರೆ ಹುಡುಕಲೆಂದು ಜಿಪಿಎಸ್ ಕೂಡ ಇಡುತ್ತಾರೆ. ಬಹು ಕಷ್ಟಪಟ್ಟು ಹಾರುವ ವಿಮಾನ ಕಟ್ಟಿ, ಅದರೊಳಗೇ ಅದನ್ನು ಕೆಡವುವ ಯಂತ್ರವನ್ನೂ ಕಟ್ಟುವ ಆಟ ಇದೊಂದೇ ಇರಬೇಕು.

ರಬ್ಬರ್ ಇಲ್ಲದ ಗ್ಲೈಡರಿನದು ಎಫ್1ಎ ವರ್ಗ. ಗಾಳಿಪಟದಂತೆ 50 ಮೀಟರ್ ದಾರದಲ್ಲಿ ಮೇಲೇರಿಸುವುದು, ದಾರದಲ್ಲೇ ಸುತ್ತಿಸುತ್ತ ಬಯಲೆಲ್ಲ ಓಡಾಡಿ ಏರುಗಾಳಿ ಸಿಕ್ಕಿದ ಕಡೆ ಕೊಕ್ಕೆ ಬಿಡಿಸುವುದು. ಕಾರ ಹುಣ್ಣಿಮೆಯ ಆಸುಪಾಸು ಗಾಳಿಪಟದ ಸೂತ್ರ ಹಿಡಿದು ಬೆಳೆದ ಉತ್ತರ ಕರ್ನಾಟಕದ ಹುಡುಗರಿಗೆ ಈ ವರ್ಗ ಬೇಗ ಕೈಹಿಡಿಯಬೇಕು. ಎಫ್1ಸಿಯಲ್ಲಿ 2.5 ಸಿಸಿಯ ಪುಟ್ಟ ಎಂಜಿನ್, ಅದೂ ಕೆಲವೇ ಸೆಕೆಂಡು ಓಡಬೇಕು. ಎಫ್1ಡಿ ಛಾವಣಿಯ ಕೆಳಗಿನ ಆಟ. ಗ್ರಾಂ ಲೆಕ್ಕದ ವಿಮಾನ, ಪ್ರೊಪೆಲ್ಲರಿನ ಸುತ್ತು ಕಣ್ಣಲ್ಲೇ ಎಣಿಸುವಷ್ಟು ನಿಧಾನ, ಅರ್ಧ ಗಂಟೆಯವರೆಗೆ ಹಾರಾಟ. ಗಾಳಿ ಅಲುಗದ ಜಾಗ ಹುಡುಕಿ ಹುಡುಕಿ ರುಮೇನಿಯದ ಸ್ಲಾನಿಕ್‌ನ ಉಪ್ಪಿನ ಗಣಿಯೊಳಗೆ ಸ್ಪರ್ಧೆ ಮಾಡಿದ್ದಾರೆ!

ನಮ್ಮಲ್ಲಿ ಈ ಆಟಕ್ಕೆ ಬಾಗಿಲು ತೆರೆದದ್ದು ಹೆಚ್ಚಾಗಿ ಎನ್‌ಸಿಸಿ. ಎನ್‌ಸಿಸಿ ಕಾಯ್ದೆ 1948ರದು, ಅದರ ವಾಯುಪಡೆ ವಿಭಾಗ 1950ರ ಏಪ್ರಿಲ್ 1ರಂದು ಮುಂಬಯಿ, ಕೋಲ್ಕತ್ತಗಳಲ್ಲಿ ಶುರುವಾಯಿತು. ಆ ವಿಭಾಗದ ಕೆಡೆಟ್ಟುಗಳಿಗೆ ಏರೋಮಾಡೆಲಿಂಗ್ ಪಾಠದ ಭಾಗ. ಬಾಲ್ಸಾ ಕಡ್ಡಿ ಮುಟ್ಟಿ ನೋಡಿದ ಕನ್ನಡ ಹುಡುಗರಲ್ಲಿ ಬಹುಪಾಲು ಜನ ಅದನ್ನು ನೋಡಿದ್ದು ಎನ್‌ಸಿಸಿ ಕೋಣೆಯಲ್ಲಿ. ಬೆಂಗಳೂರಿನ ಜಕ್ಕೂರಿನ ವಿಮಾನ ಬಯಲಿನಲ್ಲಿ ಅಖಿಲ ಭಾರತ ವಾಯುಸೈನಿಕ ಶಿಬಿರಗಳು ನಡೆದದ್ದುಂಟು. ಮೈಸೂರು ಮಹಾರಾಜರು ಕೊಟ್ಟ ಜಾಗದಲ್ಲಿ ಸ್ವಾತಂತ್ರ್ಯದ ಹೊಸದರಲ್ಲಿ ಸರ್ಕಾರಿ ವಿಮಾನ ತರಬೇತಿ ಶಾಲೆ ಎದ್ದ ಬಯಲು ಅದು. ಆದರೆ ಶಿಬಿರದ ನೋಡುಗರ ಕಣ್ಣು ದಾರದಲ್ಲಿ ಗಿರಗಿರನೆ ಸುತ್ತುವ ಮಾದರಿಯ ಮೇಲೆ, ರಿಮೋಟಿನ ಮೇಲೆ. ಮುಂದೆ ರಿಮೋಟ್ ಅಗ್ಗವಾಯಿತು, ಆಮೇಲೆ ಡ್ರೋನ್ ಬಂತು. ಕೈಬಿಟ್ಟು ಸುಮ್ಮನೆ ನೋಡುವ ಆಟಕ್ಕೆ ತಾಳ್ಮೆ ಯಾರಿಗಿದೆ? ಜಗತ್ತಿನಲ್ಲೂ ಇದೇ ಆಯಿತು. ಊರು ಬೆಳೆದು ಬಯಲು ಕರಗಿದ್ದು ಇನ್ನೊಂದು ಪೆಟ್ಟು. ಬೆಂಗಳೂರಿನಲ್ಲಿ ಇಂದು ಮೂರು ನಿಮಿಷ ಗಾಳಿಗೆ ಬಿಟ್ಟ ವಿಮಾನ ಯಾವ ಅಪಾರ್ಟ್‌ಮೆಂಟಿನ ಎಷ್ಟನೆಯ ಮಹಡಿಯಲ್ಲಿ ಸಿಗುತ್ತದೋ ಹೇಳಲಾಗದು.

ಬಯಲು ಇರುವುದು ನಮ್ಮ ಕಡೆ. ವಿಮಾನವನ್ನು ಮೇಲಿನಿಂದ ಬಿಟ್ಟು ನೋಡಲು ದೇಶದ ದೊಡ್ಡವರು ಕೂಡ ಇತ್ತಲೇ ಬಂದರು. 2023ರ ಏಪ್ರಿಲ್ 2ರ ಬೆಳಿಗ್ಗೆ ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಪರೀಕ್ಷಾ ಬಯಲಿನ ಮೇಲೆ ಚಿನೂಕ್ ಹೆಲಿಕಾಪ್ಟರ್ ಇಸ್ರೋದ ರೆಕ್ಕೆಯ ವಾಹನವನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟಿತು. ಎಂಜಿನ್ ಇಲ್ಲದೆ, ಯಾರೂ ನಡೆಸದೆ, ತನ್ನ ಲೆಕ್ಕ ತಾನೇ ಹಾಕಿಕೊಂಡು ಅದು ರನ್‌ವೇಗೆ ಬಂದಿಳಿಯಿತು. 2024ರಲ್ಲಿ ಇನ್ನೂ ಎರಡು ಸಲ ಹಾಗೆಯೇ ಬಿಟ್ಟು ನೋಡಿದರು. ಪೆನೋನ ಆಟಿಕೆಗೆ ಬಾಲವೇ ಮಿದುಳಾಗಿತ್ತು, ಇದಕ್ಕೆ ಕಂಪ್ಯೂಟರ್ ಇದೆ. ಬಿಟ್ಟ ಮೇಲೆ ತನ್ನನ್ನು ತಾನೇ ಸರಿಮಾಡಿಕೊಳ್ಳಬೇಕೆಂಬ ಷರತ್ತು ಎರಡಕ್ಕೂ ಒಂದೇ.

ಹಾಗೆಂದು ಬಳ್ಳಾರಿ ಜಿಲ್ಲೆಯ ಎಲ್ಲ ಬಯಲೂ ಈ ಆಟಕ್ಕೆ ಒದಗುವುದಿಲ್ಲ. ವಿನ್ಸೆಂಟ್ ಬಂದಿಳಿದ ಕಾಲದಲ್ಲಿ ಇದು ಮದರಾಸು ಪ್ರಾಂತ್ಯದ ಒಣಸೀಮೆ. ಹತ್ತಿ, ಜೋಳ, ಉಳಿದಂತೆ ಬಿಸಿಲು. 1953ರಲ್ಲಿ ಎರಡು ದೊಡ್ಡ ಬದಲಾವಣೆ ಒಟ್ಟಿಗೆ ಬಂದವು. ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು, ಅದೇ ವರ್ಷ ತುಂಗಭದ್ರಾ ಅಣೆಕಟ್ಟು ಮುಗಿಯಿತು. ಕಾಲುವೆ ನೀರು ಹರಿದಂತೆ ಸಿರುಗುಪ್ಪದ ಕಡೆಯೆಲ್ಲ ಬತ್ತದ ಗದ್ದೆಯಾಯಿತು. ನಿಂತ ನೀರಿನ ಗದ್ದೆ ಬಿಸಿಲಿಗೆ ಎರೆಹೊಲದಂತೆ ಕಾಯುವುದಿಲ್ಲ, ಅದರ ಮೇಲೆ ಏರುಗಾಳಿ ಸೋಮಾರಿ. ಜೊತೆಗೆ ಕೆಸರಿನಲ್ಲಿ ಬಿದ್ದ ಕಾಗದದ ರೆಕ್ಕೆಯ ಗತಿ ಹೇಳುವುದೇ ಬೇಡ. ಕುರುಗೋಡಿನ ಕಡೆ ಹೋದರೆ ಗುಡ್ಡಗಳು. ಗುಡ್ಡ ದಾಟಿ ಬರುವ ಗಾಳಿ ಆಚೆ ಬದಿಯಲ್ಲಿ ಸುಳಿದು ಒರಟಾಗಿರುತ್ತದೆ, ಅಲ್ಲಿ ಹಗುರ ವಿಮಾನ ಬಿಡಬಾರದು. ಬೇಕಾದದ್ದು ಇವೆರಡರ ನಡುವಿನ ಒಣ ಎರೆಹೊಲ, ಕೊಯ್ಲು ಮುಗಿದು ಉಳುಮೆಗೆ ಮುಂಚಿನ ದಿನಗಳು. ಗಾಳಿ ಏಳುವ ಮುನ್ನ, ಸೂರ್ಯ ಹುಟ್ಟಿದ ಮೊದಲ ಒಂದೆರಡು ಗಂಟೆ ವಿಮಾನದ ಓಟ ಹದಮಾಡಲು. ಒಂಬತ್ತು ಹತ್ತರ ಮೇಲೆ, ಧೈರ್ಯವಿದ್ದವರಿಗೆ, ಏರುಗಾಳಿ.

ಸಾಮಾನಿನ ಚಿಂತೆಯೂ ಬೇಡ. ಬಾಲ್ಸಾ ಆನ್‌ಲೈನಿನಲ್ಲಿ ಸಿಗುತ್ತದೆ, ಆದರೆ ಮೊದಲ ವಿಮಾನಕ್ಕೆ ಅದು ಅನವಶ್ಯಕ ಖರ್ಚು. ಜೋಳದ ದಂಟಿನ ಸಿಪ್ಪೆ ಸುಲಿದು, ಒಳಗಿನ ಬೆಂಡಿಗೆ ಸಿಪ್ಪೆಯ ಕಡ್ಡಿ ಚುಚ್ಚಿ ಬಂಡಿ, ಕನ್ನಡಕ ಮಾಡುವುದನ್ನು ಈ ಸೀಮೆಯ ಹುಡುಗರಿಗೆ ಯಾರೂ ಕಲಿಸಬೇಕಾಗಿಲ್ಲ. ಅದೇ ಬೆಂಡು, ಸೀಳಿದ ಬಿದಿರು ಕಡ್ಡಿ, ಗಾಳಿಪಟದ ಕಾಗದ, ಮೂತಿಗೆ ತೂಕಕ್ಕೆಂದು ಎರೆಮಣ್ಣಿನ ಉಂಡೆ. ಮೊದಲು ಗ್ಲೈಡರ್ ಮಾಡಿ ಹುಲ್ಲಿನ ಮೇಲೆ ಬಿಡಿಸಿ. ಮೂತಿ ಎತ್ತಿ ಎತ್ತಿ ಬಿದ್ದರೆ ಮಣ್ಣು ಸೇರಿಸಿ, ನೇರ ನೆಲಕ್ಕೆ ಹೊಡೆದರೆ ಮಣ್ಣು ತೆಗೆಯಿರಿ. ತೇಲಿ ಹೋಗಿ ಇಳಿದ ಮೇಲೆ ರಬ್ಬರಿನ ಮಾತು. ವಿಜ್ಞಾನ ಮೇಷ್ಟ್ರು ಒಂದು ಶನಿವಾರದ ಬೆಳಿಗ್ಗೆ ಕೊಟ್ಟರೆ ಸಾಕು, ಒಂದು ಸ್ಟಾಪ್‌ವಾಚ್ ಫೋನಿನಲ್ಲೇ ಇದೆ.

ಒಂದು ಮಾತು ಮಾತ್ರ ಮರೆಯಬೇಡಿ. ವಿಮಾನ ಚೆನ್ನಾಗಿ ಬಂದರೆ ಅದು ಪಕ್ಕದ ಊರಿನ ಹೊಲದಲ್ಲಿ ಬೀಳುತ್ತದೆ. ಬಿಡುವ ಮುಂಚೆ ರೆಕ್ಕೆಯ ಮೇಲೆ ಶಾಲೆಯ ಹೆಸರು, ಊರು, ಫೋನ್ ನಂಬರು ದಪ್ಪಕ್ಷರದಲ್ಲಿ ಬರೆದಿಡಿ.